ಒಲೆ ಹಚ್ಚದ ಛತ್ರ

ಹನುಮಂತನಗರದ ಗುಡ್ಡದ ಕೆಳಗಿರುವ ಪುಟ್ಟಮಲ್ಲಪ್ಪನವರ ಛತ್ರಕ್ಕೆ ಈಗ ಯಾರೇ ಹೋದರೂ ಮೊದಲು ಕಾಣುವುದು ಕಮಲಕ್ಕನ ಫೋಟೋ. ಆಳೆತ್ತರದ್ದು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸೌಟು, ಬಾಯ್ತುಂಬ ನಗು. ಕೆಳಗೆ ‘ಈ ಛತ್ರದ ಜೀವಾಳ’ ಎಂದು ಬರೆಸಿದ್ದಾರೆ. ಜೀವಾಳವನ್ನು ಗೋಡೆಗೆ ತೂಗುಹಾಕಿದ ಮೇಲೆ ನಿಜವಾದ ಕಮಲಕ್ಕನಿಗೆ ಅಲ್ಲಿ ಸೌಟು ಇಡಲೂ ಜಾಗವಿಲ್ಲ.

ಆ ಸೌಟು ಅವಳಿಗೆ ಅತ್ತೆ ಗಂಗಮ್ಮನಿಂದ ಬಂದದ್ದು. ತಿಪಟೂರಿನ ಕಡೆಯಿಂದ ಮದುವೆಯಾಗಿ ಬಂದಾಗ ಗಂಡ ಸಿದ್ದಲಿಂಗಯ್ಯ ಛತ್ರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ, ಅಡುಗೆ ಅತ್ತೆಯದು. ಮದುವೆ, ನಾಮಕರಣ, ಆರತಿ, ಏನೇ ಇದ್ದರೂ ಹಿಂದುಗಡೆಯ ಅಡುಗೆಮನೆಯ ಸಾಲು ಒಲೆ ಉರಿಯಬೇಕಿತ್ತು. ಅತ್ತೆ ಹೋದರು, ಗಂಡನೂ ಹೋದ, ಒಲೆ ಮಾತ್ರ ಆರಲಿಲ್ಲ. ಮದುವೆಗಳಿಲ್ಲದ ದಿನಗಳಲ್ಲೂ ಸುತ್ತಲಿನ ಹೆಂಗಸರು ಮಧ್ಯಾಹ್ನ ಅಲ್ಲಿ ಸೇರುವರು. ಹಪ್ಪಳ ಒತ್ತುವರು, ಹೋಳಿಗೆ ತಟ್ಟುವರು, ಅತ್ತೆಯರು ಸೊಸೆಯರ ಮೇಲೂ ಸೊಸೆಯರು ಅತ್ತೆಯರ ಮೇಲೂ ಚಾಡಿ ಹೇಳುವರು. ಎಲ್ಲರನ್ನೂ ಬೈಯುವ ಹಕ್ಕು ಕಮಲಕ್ಕನದು. ಬೈದ ಬಾಯಲ್ಲೇ “ಊಟ ಮಾಡ್ಕೊಂಡ್ ಹೋಗೇ” ಅನ್ನುವವಳೂ ಅವಳೇ.

ಇನ್ನೊಂದು ರೂಢಿಯಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಆ ಬೀದಿಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಊಟ ಹೋಗುತ್ತಿದ್ದುದು ಛತ್ರದಿಂದ. ಯಾವ ಜನ, ಬಾಡಿಗೆಯವರೋ ಸ್ವಂತದವರೋ ಎಂದು ಯಾರೂ ಕೇಳುತ್ತಿರಲಿಲ್ಲ. ಅನ್ನ, ಒಗ್ಗರಣೆ ಹಾಕದ ಸಾರು. ದುಃಖದ ಮನೆಗೆ ಒಗ್ಗರಣೆಯ ಘಮ ಹೋಗಬಾರದೆಂದು ಗಂಗಮ್ಮನ ಕಟ್ಟಪ್ಪಣೆ. ಹಿತ್ತಾಳೆ ಕ್ಯಾರಿಯರ್ ಹಿಡಿದು ಕಮಲಕ್ಕ ಬೀದಿಗಿಳಿದರೆ ಸಾಕು, ಜನ ಗೇಟಿಗೆ ಬಂದು “ಯಾರ್ ಹೋದ್ರು?” ಎಂದು ಕೇಳುತ್ತಿದ್ದರು.

ಹೀಗಿರುವಾಗ ಛತ್ರದ ಟ್ರಸ್ಟಿನವರಿಗೆ ಅದನ್ನು ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವ ಆಸೆ ಹುಟ್ಟಿತು. ಹೆಂಚು ಸೋರುತ್ತದೆ, ತೊಲೆಗೆ ಗೆದ್ದಲು ಹಿಡಿದಿದೆ, ಜನ ಈಗ ಎ.ಸಿ. ಹಾಲ್ ಕೇಳುತ್ತಾರೆ ಎಂದರು ಕಾರ್ಯದರ್ಶಿ ಜಯದೇವಪ್ಪ. ಕಮಲಕ್ಕ ಬಿಡುವವಳೇ? ಹೆಂಗಸರನ್ನು ಕಟ್ಟಿಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸುಮ್ಮನೆ ಕೂರಲು ಬಾರದ ಜನ, ಅಲ್ಲೇ ಅವರೆಕಾಯಿ ಸುಲಿದರು, ಹಿತಕಿದರು. ಟಿವಿಯವರು ಬಂದರು. ಅವರ ಹಿಂದೆ ಹಳೆಯ ಕಟ್ಟಡಗಳನ್ನು ಉಳಿಸುವ ಸಂಸ್ಥೆಯೊಂದು ಬಂತು. ಛತ್ರವನ್ನು ಸರಿಮಾಡಿದರೆ ಇಡೀ ಬಡಾವಣೆಗೇ ಮರುಜೀವ ಬರುತ್ತದೆ ಎಂದು ಅವರು ಹೇಳಿದಾಗ ಕಮಲಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಜಯದೇವಪ್ಪನೂ ತಟ್ಟಿದರು. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಂಸ್ಥೆಯಿಂದ ಬಂದ ಆರ್ಕಿಟೆಕ್ಟ್ ಸಂಗೀತಾ ಜೆ.ಪಿ. ನಗರದ ಹುಡುಗಿ. ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಕೆಟ್ಟವಳಾಗಿದ್ದರೆ ಕಮಲಕ್ಕ ಹುಷಾರಾಗಿರುತ್ತಿದ್ದಳು. ದಿನಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಉಂಡು, “ಆಂಟಿ, ಹಳೇದೆಲ್ಲ ಹೇಳಿ” ಅನ್ನುವಳು. ಒಂದು ದಿನ ಸಂಸ್ಥೆಯ ದೊಡ್ಡವರೂ ಜೊತೆಗಿದ್ದರು. ಕಮಲಕ್ಕನಿಗೆ ಉಮೇದು ಬಂತು.

“ಇದೆಲ್ಲ ಮೊದ್ಲು ಎಲ್ಲಿತ್ತಮ್ಮ? ಬರೀ ಅಂಗಳ. ಬಂದೋರು ಮೂರು ಕಲ್ಲಿಟ್ಕೊಂಡು ಬೇಯಿಸ್ಕೊಳ್ತಿದ್ರಂತೆ. ಗೋಡೆ ಎಬ್ಬಿಸಿ, ಶೀಟ್ ಹೊದಿಸಿ, ಒಲೆ ಹಾಕಿದ್ದು ನಮ್ಮತ್ತೆ. ಕೈಯಾರೆ ಮಣ್ಣು ಮೆತ್ತವ್ರೆ!”

“ಹಾಗಾದ್ರೆ ಈ ಅಡುಗೆಮನೆ ಆಮೇಲೆ ಬಂದಿದ್ದಾ ಆಂಟಿ?”

“ಹೂಂ ಮತ್ತೆ! ಛತ್ರದೋರು ಒಂದು ಇಟ್ಟಿಗೆ ಕೊಟ್ಟಿಲ್ಲ. ಎಲ್ಲಾ ನಮ್ದೇ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬದುಕಿದ್ದಾಗ ಯಾರೂ ಹೊಗಳದ ಅತ್ತೆಯನ್ನು ಸತ್ತ ಮೇಲಾದರೂ ನಾಲ್ಕು ಜನರ ಮುಂದೆ ಹೊಗಳಿದೆನೆಂದು ಕಮಲಕ್ಕ ಆ ದಿನವೆಲ್ಲ ಉಬ್ಬಿಹೋಗಿದ್ದಳು. ದೊಡ್ಡವರು ತಲೆಯಾಡಿಸಿದ್ದು ಹೊಗಳಿಕೆಗೆಂದುಕೊಂಡಳು.

ಮುಂದಿನ ವಾರ ಸಂಗೀತಾ ಹೊಸ್ತಿಲ ಮೇಲೆ ಕೂರದೆ ನಿಂತೇ ಮಾತಾಡಿದಳು. “ಆಂಟಿ, ಕಟ್ಟಡ ಮೊದಲು ಹೇಗಿತ್ತೋ ಹಾಗೇ ಮಾಡ್ಬೇಕು, ಅದೇ ನಮ್ಮ ನಿಯಮ. ಆಮೇಲೆ ಸೇರಿಸಿದ್ದನ್ನ ತೆಗೀಬೇಕಾಗುತ್ತೆ.”

ಕಮಲಕ್ಕನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಜಯದೇವಪ್ಪನ ಹತ್ತಿರ ಓಡಿದಳು. ಅವರು ಕನ್ನಡಕ ಒರೆಸಿಕೊಂಡು, “ನೀವೇ ಅಲ್ವೇನಮ್ಮ ಹೇಳಿದ್ದು? ಛತ್ರ ಉಳಿಸಿ ಅಂದ್ರಿ, ಉಳಿಸಿದ್ವಿ. ಇನ್ನೇನ್ ಬೇಕು?” ಎಂದರು. ಮೆಟ್ಟಿಲ ಮೇಲೆ ಮತ್ತೆ ಕೂರೋಣವೆಂದರೆ ಹೆಂಗಸರು ಬರಲಿಲ್ಲ. ಛತ್ರ ಉಳಿಯಿತಲ್ಲ, ಇನ್ನು ಯಾತಕ್ಕೆ ರಂಪ ಎಂದರು ಒಬ್ಬಿಬ್ಬರು. ಹಪ್ಪಳ ಒತ್ತಿ ಉಂಡುಹೋದ ಬಾಯಿಗಳೇ ಅವು.

ಒಲೆ ಒಡೆಯುವ ದಿನ ಹೋಗಬೇಡವೆಂದುಕೊಂಡೂ ಹೋದಳು. ಅಷ್ಟು ವರ್ಷ ಉರಿದ ಮಣ್ಣು ಹಾರೆಗೆ ಬಗ್ಗದೆ ಕೆಲಸದವರನ್ನು ಸತಾಯಿಸಿತು. ಅದು ಹೋರಾಡುತ್ತಿದೆ, ನನ್ನ ಬಾಯಿ ಅದನ್ನು ಕೊಂದಿತು ಎಂದು ಕಮಲಕ್ಕ ಅಂಗಳದ ಕಂಬಕ್ಕೆ ಹಣೆ ಆನಿಸಿ ಅತ್ತಳು. ಅತ್ತೆ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಛತ್ರ ಚೆಂದವಾಯಿತು. ಹೊಟ್ಟೆಯುರಿಗೆ ಸುಳ್ಳು ಹೇಳಬಾರದು. ಹೆಂಚು ಹೊಸದಾಯಿತು, ಕೆಂಪು ನೆಲದಲ್ಲಿ ಮುಖ ಕಾಣುವಂತಾಯಿತು, ಗೋಡೆಗೆ ಗಾರೆ ಸುಣ್ಣ ಬಂತು. ಪಕ್ಕದ ಜಗಲಿಗೆ ಕೆಫೆ ಬಂತು. ಅದರ ತಿಂಡಿ ಅರೆಕೆರೆಯ ಕಡೆಯಿಂದ ವ್ಯಾನಿನಲ್ಲಿ ಬರುತ್ತದೆ, ಇಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಭಾನುವಾರ ಜಯನಗರದಿಂದೆಲ್ಲ ಜನ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಮರುಜೀವವಂತೂ ಬಂದಿದೆ, ಯಾರ ಜೀವ ಎಂದು ಮಾತ್ರ ಕೇಳಬಾರದು.

ಉದ್ಘಾಟನೆಗೆ ಕಮಲಕ್ಕನನ್ನು ಕಾರು ಕಳಿಸಿ ಕರೆಸಿಕೊಂಡರು. ಅಂಗಳದ ನಡುವೆ ಹೊಸದೊಂದು ಮಣ್ಣಿನ ಒಲೆ ಮಾಡಿಸಿ, ಮೇಲೆ ಮಡಕೆಯಿಟ್ಟು, ಸೇವಂತಿಗೆ ಸುತ್ತಿದ್ದರು. ಒಲೆ ಪೂಜೆ ಅವಳ ಕೈಯಿಂದಲೇ ಆಗಬೇಕಂತೆ. ಅರಿಶಿನ, ಕುಂಕುಮ ಹಚ್ಚಿದಳು, ಕೈಮುಗಿದಳು, ರೂಢಿಯಂತೆ ಬೆಂಕಿಪೊಟ್ಟಣ ಕೇಳಿದಳು.

“ಅಯ್ಯೋ, ಹಚ್ಚಬೇಡಿ ಆಂಟಿ” ಎಂದಳು ಸಂಗೀತಾ. “ಹೊಗೆಗೆ ಸುಣ್ಣ ಹಾಳಾಗುತ್ತೆ. ಇದು ನೋಡೋಕೆ ಅಷ್ಟೆ.”

ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ಕಮಲಕ್ಕ ಹೂ ಸುತ್ತಿದ ಒಲೆಯನ್ನೇ ನೋಡುತ್ತಾ ನಿಂತಳು. ಕ್ಯಾಮೆರಾದವರು ಹೇಳಿದ ಕಡೆ ತಿರುಗಿ ನಕ್ಕಳು ಕೂಡ. ಮನೆಗೆ ಬಂದು ಅಕ್ಕಿ ಆರಿಸಿಟ್ಟು, ಅಟ್ಟದ ಮೇಲಿದ್ದ ಹಿತ್ತಾಳೆ ಕ್ಯಾರಿಯರ್ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು.

ಮರುದಿನ ಅವಳು ಕ್ಯಾರಿಯರ್ ಹಿಡಿದು ಬೀದಿಗಿಳಿದಾಗ ಎದುರುಮನೆಯ ವಾರಿಜಾ ಗೇಟಿಗೆ ಓಡಿಬಂದಳು. ಹಿಂದೆ ಮೆಟ್ಟಿಲ ಮೇಲೆ ಜೊತೆಗೆ ಕೂತಿದ್ದವಳು.

“ಯಾರ್ ಹೋದ್ರು ಅಕ್ಕ?”

“ಬಾ, ತೋರಿಸ್ತೀನಿ.”

ಇಬ್ಬರೂ ಛತ್ರಕ್ಕೆ ಹೋದರು. ಕಮಲಕ್ಕ ತನ್ನ ಫೋಟೋದ ಕಡೆ ನೋಡದೆ ನೇರ ಅಂಗಳಕ್ಕೆ ನಡೆದು ಹೂ ಬಾಡಿದ ಒಲೆಯ ಪಕ್ಕ ಕ್ಯಾರಿಯರ್ ಬಿಚ್ಚಿದಳು. ಸಂಗೀತಾ ಕೆಫೆಯಿಂದ ತಟ್ಟೆ ತಂದು ಖುಷಿಯಿಂದ ಕೂತಳು. “ಆಂಟಿ, ನಮಗೋಸ್ಕರ ತಂದ್ರಾ? ಎಷ್ಟು ದಿನ ಆಯ್ತು ನಿಮ್ಮ ಕೈ ಊಟ!”

ಕಮಲಕ್ಕ ಅನ್ನ ಹಾಕಿ ಸಾರು ಬಡಿಸಿದಳು. ವಾರಿಜಾ ಸಾರು ನೋಡಿದಳು, ಬೂದಿ ಕಾಣದ ಒಲೆ ನೋಡಿದಳು, ಸೆರಗು ಬಾಯಿಗಿಟ್ಟುಕೊಂಡು ಕಂಬದ ಹಿಂದೆ ಸರಿದಳು.

“ಸಖತ್ತಾಗಿದೆ ಆಂಟಿ. ಒಗ್ಗರಣೆ ಮಾತ್ರ ಮರ್ತುಬಿಟ್ಟಿದೀರ.”

“ಮರ್ತಿಲ್ಲ ಕಣಮ್ಮ” ಎಂದಳು ಕಮಲಕ್ಕ. “ಒಲೆ ಹಚ್ಚದ ಮನೆಗೆ ನಾವು ತರೋದೇ ಹೀಗೆ. ಇನ್ನೊಂಚೂರು ಹಾಕ್ಲಾ?”

ಸಂಗೀತಾ ನಗುತ್ತಾ ತಟ್ಟೆ ಮುಂದೆ ಹಿಡಿದಳು.