ಕಾರಿನೊಳಗಿನ ಒಂಟಿ ಸೀನು

ನಮ್ಮಪ್ಪ ಕಾರು ನಡೆಸುತ್ತಲೇ ನಶ್ಯ ಏರಿಸುತ್ತಿದ್ದರು. ಸ್ಟೇರಿಂಗನ್ನು ಮೊಣಕಾಲಿನಿಂದ ತಡೆದು, ಎಡಗೈಯಲ್ಲಿ ಡಬ್ಬಿ ಬಿಚ್ಚಿ, ಬಲಗೈಯಲ್ಲಿ ಚಿಟಿಕೆ ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ಕೂತ ಅವ್ವ ಊರಿನ ಗುಡಿ ದರ್ಗಾಗಳಿಗೆಲ್ಲ ಹರಕೆ ಹೊತ್ತು ಮುಗಿಸುತ್ತಿದ್ದಳು. ಅಪ್ಪನಿಗೆ ಸೀನು ಬರುತ್ತಿರಲಿಲ್ಲ. ಬರುತ್ತಿದ್ದುದು ನಮಗೆ. ಚಿಟಿಕೆಯಲ್ಲಿ ಅರ್ಧ ಅವರ ಮೂಗಿಗೆ, ಉಳಿದರ್ಧ ಎಸಿಯ ಗಾಳಿಗೆ.

ಮಳೆಗಾಲದ ಕೊನೆಗೆ ಅಪ್ಪ ತೀರಿಕೊಂಡರು. ಕಾರು ಜೋರಾಪುರ ಪೇಟೆಯ ನಮ್ಮ ಮನೆಯ ಗೋಡೆಗೆ ಒತ್ತಿ ನಿಂತೇ ಉಳಿಯಿತು. ಓಣಿಯ ಬೆಕ್ಕೊಂದು ಅದರ ಬಾನೆಟ್ಟನ್ನು ತನ್ನ ಮಂಚ ಮಾಡಿಕೊಂಡಿತು. ನಾನು ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ತುಳಿಯುತ್ತ ತುಳಿಯುತ್ತ ಕಿಟಕಿಯಿಂದ ಕಾರನ್ನು ನೋಡುತ್ತಿದ್ದೆ. ಅವ್ವ ಅದರ ಕಡೆ ತಿರುಗುತ್ತಿರಲಿಲ್ಲ. ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು.

ಬೇಸಿಗೆ ಶುರುವಾದಾಗ ಬಬಲೇಶ್ವರದಲ್ಲಿರುವ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ದಿನಾ ಫೋನು. ಕಾಲಿನ ನೋವಿಗಿಂತ ತಂಗಿ ನೋಡಲು ಬರಲಿಲ್ಲವೆಂಬ ಸಿಟ್ಟೇ ಅದರಲ್ಲಿ ಹೆಚ್ಚು. ಒಂದು ಬೆಳಿಗ್ಗೆ ಅವ್ವ ತಾನಾಗಿಯೇ, ಹೋಗಿ ಬರೋಣ ಎಂದಳು. ಆ ಖುಷಿಗೆ ನಾನು ಯಾರದೋ ತೋಳಿನಲ್ಲಿ ಸೂಜಿಯನ್ನು ಹಾಗೇ ಬಿಟ್ಟು ಎದ್ದೆ. ತೋಳು ಬರೀ ಬಟ್ಟೆಯದು, ಪುಣ್ಯಕ್ಕೆ.

ಬೆಕ್ಕನ್ನು ಎಬ್ಬಿಸಿ, ಕಾರು ಚಾಲೂ ಮಾಡಿ, ಸೆಕೆಯೆಂದು ಎಸಿ ಹಾಕಿದೆ. ಗಾಳಿ ಬಂತು. ಅವ್ವ ಸೀನಿದಳು. ಒಂದೇ ಸಲ.

ಹೊರಡುವಾಗ ಒಂಟಿ ಸೀನು ಬಂದರೆ ನಮ್ಮ ಮನೆಯಲ್ಲಿ ಯಾರೂ ಹೊರಡುವುದಿಲ್ಲ. ಒಳಗೆ ಬಂದು ಕೂತು, ನೀರು ಕುಡಿದು, ಮತ್ತೆ ಏಳಬೇಕು. ಜೋಡಿ ಸೀನಾದರೆ ಚಿಂತೆಯಿಲ್ಲ, ಅದು ಶುಭ. ಕೂತೆವು, ಕುಡಿದೆವು, ಹತ್ತಿದೆವು. ಮತ್ತೆ ಗಾಳಿ, ಮತ್ತೆ ಒಂದೇ ಸೀನು. ತಂಬಿಗೆ ಬರಿದಾಯಿತೇ ಹೊರತು ಕಾರು ಓಣಿ ದಾಟಲಿಲ್ಲ. ಕೊನೆಗೆ ನಾನೇ ದಾರದ ತುಂಡೊಂದನ್ನು ಹೊಸೆದು ಮೂಗಿಗೆ ಹಾಕಿಕೊಂಡು ಎರಡನೆಯ ಸೀನಿಗೆ ಪ್ರಯತ್ನಪಟ್ಟೆ. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ.

"ಬೇಕಂತ ಸೀನಿದ್ದು ಲೆಕ್ಕಕ್ಕ ಬರೂದಿಲ್ಲ," ಎಂದಳು ಅವ್ವ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ನಡೆದಳು. "ನಿಮ್ಮಪ್ಪಗ ನಾ ಹೋಗೂದು ಮನಸಿಲ್ಲ. ಬಿಡು."

ಎಸಿ ಬೇಡ, ಕಿಟಕಿ ತೆರೆದು ಹೋಗೋಣ ಎಂದೆ. ಅವರು ಬೇಡವೆಂದ ಮೇಲೆ ಕಿಟಕಿ ತೆರೆದು ಕದ್ದು ಹೋಗಲೇ ಎಂದು ಕೇಳಿದಳು. ನಗು ಬಂದಿತ್ತು, ಆದರೆ ಅವಳ ಮುಖ ನೋಡಿ ನಿಂತಿತು. ಎಷ್ಟೋ ತಿಂಗಳಾದ ಮೇಲೆ ಹೊರಗೆ ಇಟ್ಟ ಕಾಲು ಅದು. ಈ ಸಲ ಹಿಂದೆ ಸರಿದರೆ ಅವಳು ಮತ್ತೆ ಹೊಸ್ತಿಲು ದಾಟಲಾರಳು ಎಂದು ನನಗೆ ಅನ್ನಿಸಿತು.

ಅಪ್ಪನ ಗೆಳೆಯರೊಬ್ಬರು ಗ್ಯಾರೇಜ್ ಇಟ್ಟಿದ್ದಾರೆ. ನಾವು ಅವರನ್ನು ಚಾಚಾ ಎನ್ನುತ್ತೇವೆ. ಕಾರನ್ನು ಅವರ ಬಳಿ ಒಯ್ದು, ಇದು ಅವ್ವನನ್ನು ಸೀನಿಸುತ್ತಿದೆ ಎಂದೆ. ಚಾಚಾ ಚಹಾ ಮುಗಿಸುವವರೆಗೆ ನಗು ತಡೆದುಕೊಂಡರು. ಏರ್ ಫಿಲ್ಟರ್ ಬದಲಿಸಿ ಎಂದೆ. ಅವರು ಬಾನೆಟ್ ಎತ್ತಿ, ಕರಿ ಡಬ್ಬಿಯೊಂದರ ಕ್ಲಿಪ್ಪು ಬಿಚ್ಚಿ ಒಳಗಿನ ಫಿಲ್ಟರನ್ನು ಹೊರಗೆಳೆದರು. ಕಾಗದದ ನಿರಿಗೆ. ನಾನು ಲಂಗಕ್ಕೆ ಹಾಕುವ ನಿರಿಗೆಗಿಂತ ಒಪ್ಪವಾಗಿತ್ತು ಎಂದು ಒಪ್ಪಲು ಸ್ವಲ್ಪ ಹೊಟ್ಟೆಯುರಿಯಿತು. ನಿರಿಗೆ ನಿರಿಗೆಯ ನಡುವೆ ಹೊಟ್ಟು ತುಂಬಿತ್ತು.

ಅದು ಎಲ್ಲಿಯದೆಂದು ನನಗೆ ಗೊತ್ತಿತ್ತು. ಒಣದ್ರಾಕ್ಷಿಯ ವ್ಯಾಪಾರಕ್ಕೆ ಅಪ್ಪ ವಾರವಾರ ತಿಕೋಟಾಕ್ಕೆ ಹೋಗುತ್ತಿದ್ದರು. ಸುಗ್ಗಿಯಲ್ಲಿ ಆ ಕಡೆಯ ರೈತರು ಡಾಂಬರು ರಸ್ತೆಯ ಮೇಲೇ ಪೈರು ಹರವುತ್ತಾರೆ; ಗಾಡಿಗಳ ಗಾಲಿ ಹಾಯ್ದು ಕಾಳು ಬೇರೆಯಾಗುತ್ತದೆ. ಬೇರೆಯವರು ಬೈಯುತ್ತ ಬದಿಗೆ ಸರಿಸಿ ಹೋದರೆ ಅಪ್ಪ ಮೇಲೇ ಹಾಯಿಸುತ್ತಿದ್ದರು. ಹೊಲದವರು ಕೈಯೆತ್ತಿದರೆ ರಿವರ್ಸ್ ಬಂದು ಇನ್ನೊಮ್ಮೆ.

"ಅರ್ಧ ತಿಕೋಟಾದ ರಾಶಿ ಇದರಾಗ ಮಾಡ್ಯಾರ ನಿಮ್ಮಪ್ಪ," ಎಂದು ಚಾಚಾ ಹೊಸದನ್ನು ಕೂರಿಸಿದರು.

ನಾನು ಗೆದ್ದವಳಂತೆ ಮನೆಗೆ ಬಂದು, ಹೊಸ ಫಿಲ್ಟರಿನ ಸುದ್ದಿ ಹೇಳಿ, ಅವ್ವನನ್ನು ಪುಸಲಾಯಿಸಿ ಕೂರಿಸಿದೆ. ಎಸಿ ಹಾಕಿದೆ. ಒಂಟಿ ಸೀನು.

ಚಾಚಾಗೆ ಫೋನು ಮಾಡಿದೆ. ಈ ಸಲ ಅವರು ತಡೆದುಕೊಳ್ಳಲಿಲ್ಲ. ಕಾರಿನಲ್ಲಿ ಫಿಲ್ಟರ್ ಒಂದೇ ಅಂದುಕೊಂಡೆಯಾ ಎಂದರು. ಆಯಿಲ್‌ಗೊಂದು, ಇಂಧನಕ್ಕೊಂದು, ಇಂಜಿನ್ ಉಸಿರಿಗೊಂದು, ಒಳಗೆ ಕೂತವರ ಉಸಿರಿಗೆ ಮತ್ತೊಂದು.

"ನೀ ಇಂಜಿನ್ ಸೀನೂದು ನಿಲ್ಲಿಸೀದಿ, ತಂಗಿ. ನಿಮ್ಮವ್ವಂದು ಹಂಗ ಐತಿ."

ಆಗ ಹೊಳೆಯಿತು. ಧೂಳೆಂದು ಅಪ್ಪ ಹೊರಗಿನ ಗಾಳಿ ಮುಚ್ಚಿಯೇ ಓಡಿಸುತ್ತಿದ್ದರು. ಒಳಗಿನ ಗಾಳಿಯೇ ಸುತ್ತಿ ಸುತ್ತಿ ಆ ಕೊನೆಯ ಫಿಲ್ಟರಿನ ಮೂಲಕ ಹಾಯುತ್ತಿತ್ತು. ಅಷ್ಟೂ ವರ್ಷದ ನಶ್ಯ ಅಲ್ಲಿ ಸೇರಿತ್ತು.

ಹೊಸದನ್ನು ತಂದು ನಾನೇ ಹಾಕುತ್ತೇನೆಂದು ಕೂತೆ. ಡ್ಯಾಶ್‌ಬೋರ್ಡಿನ ಸಾಮಾನಿನ ಡಬ್ಬಿ ಬರಿದು ಮಾಡಿ, ಅದರ ಎರಡೂ ಕೆನ್ನೆ ಒತ್ತಿ ಕೆಳಗಿಳಿಸಿದರೆ ಹಿಂದೆ ಸಣ್ಣ ಮುಚ್ಚಳ ಸಿಗುತ್ತದೆ ಎಂದಿದ್ದರು ಚಾಚಾ. ಡಬ್ಬಿ ಇಳಿಯಲಿಲ್ಲ. ನಾನು ಸೀಟಿನ ಕೆಳಗೆ ತಲೆ, ಮೇಲೆ ಕಾಲು ಮಾಡಿಕೊಂಡು ಅದರ ವಂಶವನ್ನು ಬೈಯುತ್ತಿದ್ದೆ. ಯಾವಾಗಲೋ ಅವ್ವ ಬಂದು ಪಕ್ಕದ ಸೀಟಿನಲ್ಲಿ ಕೂತು, ಒಂದು ಗುದ್ದು ಕೊಟ್ಟಳು. ಡಬ್ಬಿ ಇಳಿಯಿತು. ಶಕುನ ನೋಡದೆ ಹೊಸ್ತಿಲು ದಾಟಿ ಬಂದದ್ದು ಅವಳಿಗೇ ತಿಳಿದಿರಲಿಲ್ಲ.

ಮುಚ್ಚಳ ತೆಗೆದು ಎಳೆದೆ. ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿತ್ತು. ನಿರಿಗೆಯೊಳಗೆ ಒಂದು ಒಣದ್ರಾಕ್ಷಿಯೂ ಇತ್ತು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಚಾಚಾಗೂ ಇಂದಿಗೂ ಗೊತ್ತಿಲ್ಲ.

"ಅರ್ಧಕ್ಕರ್ಧ ಗಾಳಿಗೆ ಹೋಗತೈತಿ ಅಂತ ನಾ ಬಡಕೊಂಡ್ನಿ," ಎಂದಳು ಅವ್ವ. "ಕೇಳಿದ್ರೇನು ಅವ್ರು?"

ಹೊಸದನ್ನು ಮೊದಲು ತಿರುವುಮುರುವು ಹಾಕಿದೆ. ಬಟ್ಟೆಗೆ ಒಳಮೈ ಹೊರಮೈ ಇದ್ದಂತೆ ಇದಕ್ಕೂ ಇದೆ. ಗಾಳಿ ಹೋಗುವ ದಿಕ್ಕಿಗೆ ಬಾಣದ ಗುರುತಿದೆ. ನೋಡಿ ಸರಿ ಮಾಡಿದೆ. ಹಳೆಯದನ್ನು ಕಸಕ್ಕೆ ಎಸೆಯಲು ಕೈ ಚಾಚಿದರೆ ಅದು ಅವ್ವನ ಕೈಯಲ್ಲಿತ್ತು. ಕಣ್ಣು ಮುಚ್ಚಿ ಅದನ್ನು ಮೂಗಿಗೆ ಹಿಡಿದಿದ್ದಳು. ಬಹಳ ಹೊತ್ತು ಹಿಡಿದಿದ್ದಳು.

ಸೀನಿದಳು.

ನಾನು ಅಲುಗಾಡದೆ ಕೂತೆ. ಬೆಕ್ಕು ಕೂಡ ಗಾಜಿನಾಚೆಯಿಂದ ನೋಡುತ್ತಿತ್ತು. ಅವ್ವನ ಮೂಗು ಅರಳಿತು, ಕುಗ್ಗಿತು, ಮತ್ತೆ ಅರಳಿತು. ಎರಡನೆಯದು ಬಂತು.

"ಜೋಡಿ ಆತು. ನಡಿ, ಇನ್ನೊಂದು ಬರೂದ್ರಾಗ ಹೋಗೂಣು."

ತಾನಾಗಿ ಬಂದದ್ದೋ ಬೇಕೆಂದು ಸೀನಿದ್ದೋ, ನಾನು ಚಾವಿ ತಿರುಗಿಸಿದೆ.

ಹೊಸ ಫಿಲ್ಟರಿನ ಗಾಳಿಗೆ ಯಾವ ವಾಸನೆಯೂ ಇರಲಿಲ್ಲ. ತಂಪಾಗಿತ್ತು, ಅಷ್ಟೇ. ರಸ್ತೆಯ ಕಡೆಗೇ ಮುಖವಿಟ್ಟೆ. ಹಳೆಯದು ಟವೆಲಿನಲ್ಲಿ ಸುತ್ತಿಕೊಂಡು ಅವ್ವನ ತೊಡೆಯ ಮೇಲಿತ್ತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗುಂಡಿಯೊಂದಕ್ಕೆ ಕಾರು ಕುಲುಕಿತು, ಟವೆಲ್ಲೂ ಕುಲುಕಿತು. ಅವ್ವ ಸೀನಿದಳು.

"ನಿಲ್ಲಸು."

ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಎರಡನೆಯದಕ್ಕೆ ಕಾದೆವು. ಲಾರಿಗಳು ಹೋದವು. ಬೈಕಿನವನೊಬ್ಬ ನಿಂತು ಪೆಟ್ರೋಲ್ ಮುಗಿಯಿತೇ ಎಂದು ಕೇಳಿದ. ಇಲ್ಲ, ಸೀನು ಬರಬೇಕಿದೆ ಎಂದೆ. ಅವನು ಹೆಚ್ಚು ಕೇಳದೆ ಹೋದ. ಅವ್ವನಿಗೆ ಬರಲೇ ಇಲ್ಲ. ನಾನು ಬಾಗಿ ಟವೆಲಿನ ತುದಿ ಸರಿಪಡಿಸಲು ಹೋದೆ, ಅಪ್ಪನ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು, ದಾರ ಹೊಸೆಯುವ ಗೊಡವೆಯಿಲ್ಲದೆ ಸೀನಿದೆ.

ಇದು ಲೆಕ್ಕಕ್ಕೆ ಬರುತ್ತದೆಯೇ ಎಂದು ಅವ್ವನ ಮುಖ ನೋಡಿದೆ.

"ಅವ್ರ ಮಗಳ ಅದೀ ಅಲ್ಲೇನು," ಎಂದಳು. "ನಡೀತೈತಿ. ಗಾಡಿ ಬಿಡು."