ಉಪವಾಸದ ಗುಂಪು

ಅನುಪಮಾ ನಿಂತಲ್ಲೇ ನಿದ್ದೆ ಮಾಡಬಲ್ಲಳು. ನಾನು ಕಣ್ಣಾರೆ ಕಂಡಿದ್ದೇನೆ. ವಾರ್ಡಿನಲ್ಲಿ ವಿದ್ಯಾರ್ಥಿನಿಯರು ಬಿ.ಪಿ. ನೋಡುತ್ತಿದ್ದರೆ ಇವಳು ಔಷಧಿ ಟ್ರಾಲಿಗೆ ಒರಗಿ ಕಣ್ಣು ತೆರೆದುಕೊಂಡೇ ಒಂದು ಸಣ್ಣ ಜೊಂಪು ತೆಗೆದುಬಿಡುತ್ತಾಳೆ. ಯಾರಾದರೂ "ಮೇಡಂ" ಅಂದರೆ, ತಪ್ಪು ಎಲ್ಲಾಗಿದೆ ಅಂತ ತಕ್ಷಣ ಹೇಳುತ್ತಾಳೆ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದ ಮೈಗೆ ಇಂಥ ವಿದ್ಯೆಗಳು ತಾವಾಗಿ ಬರುತ್ತವೆ.

ನಾವಿಬ್ಬರೂ ತುಮಕೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರುಗಳು. ಸ್ಟಾಫ್ ರೂಮಿನಲ್ಲಿ ನನ್ನ ಮೇಜು, ಅವಳ ಮೇಜು ಒಂದಕ್ಕೊಂದು ಅಂಟಿಕೊಂಡಿವೆ. ನನ್ನ ಹೆಸರು ಅಪರ್ಣ. ನನ್ನ ಬಾಯಿ ಸ್ವಲ್ಪ ಜೋರು, ಅವಳದು ಇಲ್ಲವೇ ಇಲ್ಲ. ಬಿ.ಎಸ್ಸಿ. ಮಾತ್ರ ಓದಿದವರು ಜೀವಮಾನವೆಲ್ಲ ಟ್ಯೂಟರಾಗಿಯೇ ಇರಬೇಕು. ಮೇಲೆ ಹತ್ತಬೇಕಾದರೆ ಎಂ.ಎಸ್ಸಿ. ಆಗಬೇಕು. ನನಗೆ ಆ ಆಸೆ ಬತ್ತಿಹೋಗಿ ಬಹಳ ಕಾಲವಾಯಿತು. ಅನುಪಮಾಳಿಗೆ ಮಾತ್ರ ಬತ್ತಿರಲಿಲ್ಲ. ಅವಳೇ ಇಂಜೆಕ್ಷನ್ ಹಿಡಿಯಲು ಕಲಿಸಿದ ಕೃಷ್ಣಕುಮಾರ್ ಎಂ.ಎಸ್ಸಿ. ಮುಗಿಸಿ ಬಂದು, ನಮ್ಮ ಕಾಲೇಜಿನಲ್ಲೇ ಅಸಿಸ್ಟೆಂಟ್ ಪ್ರೊಫೆಸರ್ ಆಗಿ, ಅವಳ ರಜೆ ಚೀಟಿಗೆ ಸಹಿ ಹಾಕತೊಡಗಿದ. ಹುಡುಗ ಒಳ್ಳೆಯವನು. ಸಹಿ ಹಾಕುವಾಗ ತಾನೇ ಎದ್ದು ನಿಲ್ಲುತ್ತಿದ್ದ. ಅದು ಅವಳಿಗೆ ಇನ್ನೂ ಕಷ್ಟವಾಗುತ್ತಿತ್ತು.

ಹಾಗಾಗಿ ನಲವತ್ತು ದಾಟಿದ ಮೇಲೆ, ಶೆಟ್ಟಿಹಳ್ಳಿಯ ಮನೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ ಅತ್ತೆ ಬಸವಲಿಂಗಮ್ಮನವರನ್ನೂ ಇಬ್ಬರು ಮಕ್ಕಳ ಟ್ಯೂಷನ್ನನ್ನೂ ಇಟ್ಟುಕೊಂಡು, ಎಂ.ಎಸ್ಸಿ.ಗೆ ಸೇರಿದಳು. ಕೆಲಸ ಮಾಡುತ್ತಲೇ ಓದುವುದು ಅದು ಹೇಗೆ ಸಾಧ್ಯ ಅಂತ ಕೇಳಬೇಡಿ, ನಮ್ಮ ಕಾಲೇಜಿನಲ್ಲಿ ಎಲ್ಲವೂ ಸಾಧ್ಯ. ಬೆಳಿಗ್ಗೆ ಮುದ್ದೆ ತೊಳಸಿ, ಅತ್ತೆಗೆ ಮೈ ಒರೆಸಿ, ಬಸ್ಸು ಹಿಡಿದು ಬರುತ್ತಿದ್ದಳು. ಬಂದವಳೇ ಮೇಜಿನ ಮೇಲೆ ತಲೆ ಇಟ್ಟರೆ ಬೆಲ್ ಹೊಡೆಯುವ ತನಕ ಎತ್ತುತ್ತಿರಲಿಲ್ಲ.

ಎಂ.ಎಸ್ಸಿ.ಗೆ ಒಂದು ಪ್ರಬಂಧ ಬರೆಯಬೇಕು. ಅವಳದು 'ಹದಿಹರೆಯದವರ ಖಿನ್ನತೆಗೆ ಕಾರಣವಾಗುವ ಅಂಶಗಳ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳಿಗಿರುವ ತಿಳಿವಳಿಕೆ'. ಇಂಥ ಪ್ರಬಂಧಗಳು ನಮ್ಮ ಲೈಬ್ರರಿಯಲ್ಲಿ ಕಪಾಟುಗಟ್ಟಲೆ ಕೂತಿವೆ. ಎಲ್ಲದರ ಕಥೆಯೂ ಒಂದೇ. ಮೊದಲು ಪ್ರಶ್ನೆ ಕೊಟ್ಟರೆ ಮಕ್ಕಳಿಗೆ ಏನೂ ಗೊತ್ತಿರುವುದಿಲ್ಲ. ಪಾಠ ಮಾಡಿ ಮತ್ತೆ ಅದೇ ಪ್ರಶ್ನೆ ಕೊಟ್ಟರೆ ಗೊತ್ತಿರುತ್ತದೆ. ಇದನ್ನು ಕಂಡುಹಿಡಿಯಲು ಎರಡು ವರ್ಷ ಬೇಕಾ ಅಂತ ನಾನು ರೇಗಿಸುತ್ತಿದ್ದೆ. ಪಾಠದಿಂದಲೇ ಗೊತ್ತಾಯಿತು ಅಂತ ರುಜುವಾತಾಗಬೇಕಲ್ಲ, ಅದಕ್ಕೆ ಪಾಠ ಮಾಡದ ಇನ್ನೊಂದು ಗುಂಪೂ ಇರಬೇಕು. ಅವರಿಗೂ ಒಂದು ವಾರ ಬಿಟ್ಟು ಎರಡು ಸಲ ಪ್ರಶ್ನೆ ಕೊಡಬೇಕು, ಆದರೆ ನಡುವೆ ತುಟಿ ಪಿಟಕ್ಕೆನ್ನಬಾರದು. ಎರಡನೇ ಪರೀಕ್ಷೆ ಮುಗಿದ ಮೇಲೆ ಬೇಕಾದರೆ ಎಲ್ಲ ಹೇಳಬಹುದು. ಪಾಠದ ಗುಂಪು ಗುಬ್ಬಿಯ ಕಾಲೇಜಿನದು, ಪಾಠವಿಲ್ಲದ್ದು ಕುಣಿಗಲ್ಲಿನದು. ಅಷ್ಟು ದೂರದೂರ ಆರಿಸಿಕೊಂಡಿದ್ದು ಹುಡುಗಿಯರು ಮಾತಾಡಿಕೊಳ್ಳಬಾರದು ಅಂತ. ನಾನು ಒಂದಕ್ಕೆ ಊಟದ ಗುಂಪು, ಇನ್ನೊಂದಕ್ಕೆ ಉಪವಾಸದ ಗುಂಪು ಅಂತ ಹೆಸರಿಟ್ಟೆ. ಕಡೆಗೆ ಅವಳ ಗೈಡ್ ಮೋಹನ್‌ಕುಮಾರ್ ಸರ್ ಕೂಡ, "ಏನಮ್ಮಾ, ಉಪವಾಸದವರ ಹತ್ರ ಯಾವಾಗ ಹೋಗ್ತೀರಿ?" ಅಂತ ಕೇಳತೊಡಗಿದರು.

ಪೇಪರು ಹಂಚಲು, ಕಾಪಿ ಹೊಡೆಯದಂತೆ ಕಾಯಲು ಇನ್ನೊಬ್ಬರು ಬೇಕಿತ್ತು. ಆ ಇನ್ನೊಬ್ಬರು ನಾನೇ.

ಗುಬ್ಬಿಯಲ್ಲಿ ಚೆನ್ನಾಗಿಯೇ ಆಯಿತು. ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: 'ಖಿನ್ನತೆಯಲ್ಲಿರುವ ಮಗುವನ್ನು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ. ಸರಿಯೋ, ತಪ್ಪೋ?' ಗುಬ್ಬಿಯ ಹುಡುಗಿಯರು ಹೆಚ್ಚುಕಡಿಮೆ ಎಲ್ಲರೂ ಸರಿ ಅಂತ ಗುರುತು ಹಾಕಿದ್ದರು. ಆಮೇಲೆ ಅನುಪಮಾ ಪಾಠ ಮಾಡಿದಳು. "ತಪ್ಪು. ಕೇಳಿದ್ರೆ ಯೋಚನೆ ಹುಟ್ಟಲ್ಲ. ಇದ್ರೆ ಆಚೆ ಬರುತ್ತೆ. ಕೇಳೋರು ಒಬ್ರು ಇದಾರೆ ಅಂತ ಗೊತ್ತಾದ್ರೆ ಆ ಮಗೂಗೆ ಎಷ್ಟೋ ಹಗುರ ಆಗುತ್ತೆ. ಕೇಳ್ಬೇಕು," ಅಂದಳು. ಯಾವಾಗಲೂ ಗೊಣಗಿದ ಹಾಗೆ ಪಾಠ ಮಾಡುವವಳು ಅವತ್ತು ಆ ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದಳು.

ಮಾರನೆಯ ದಿನ, ಗುರುವಾರ, ಕುಣಿಗಲ್ಲಿಗೆ ಹೋದೆವು. ಪೇಪರು ಕೊಟ್ಟೆವು, ಬರೆಸಿದೆವು, ವಾಪಸ್ ತೆಗೆದುಕೊಂಡೆವು. ಹುಡುಗಿಯರು ಉತ್ತರ ಹೇಳಿ ಅಂತ ಗಲಾಟೆ ಮಾಡಿದರು. ಅನುಪಮಾ ನಕ್ಕು, "ಮುಂದಿನ ಗುರುವಾರ ಎಲ್ಲಾ ಹೇಳ್ತೀನಿ," ಅಂದಳು. ನಮಗೆ ಬಸ್ಸಿನ ಅವಸರ. ಸ್ಟ್ಯಾಂಡಿಗೆ ಬಂದು ತುಮಕೂರಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಸೀಟೂ ಸಿಕ್ಕಿ, ಅವಳು ಸರಳಿಗೆ ಒರಗಿಕೊಂಡಿದ್ದಳು. ಅಷ್ಟರಲ್ಲಿ ಒಬ್ಬ ಹುಡುಗಿ ಏದುಸಿರು ಬಿಡುತ್ತಾ ಓಡಿಬಂದು ಕಿಟಕಿಯ ಕಂಬಿ ಹಿಡಿದುಕೊಂಡಳು. ಪೂಜಾ ಅಂತ, ಎರಡನೇ ವರ್ಷದವಳು, ಪರೀಕ್ಷೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂತಿದ್ದವಳು.

"ಮೇಡಂ, ಅದೊಂದು ಪ್ರಶ್ನೆ. ಸಾಯೋ ಯೋಚ್ನೆ ಬಗ್ಗೆ ಕೇಳಿದ್ರೆ ನಾವೇ ತುಂಬ್ದಂಗೆ ಆಗುತ್ತಾ? ನಾನು ಸರಿ ಅಂತ ಹಾಕ್ದೆ."

"ಮುಂದಿನ ವಾರ ಹೇಳ್ತೀನಲ್ಲಮ್ಮ."

"ಅದಲ್ಲ ಮೇಡಂ. ನನ್ ತಂಗಿ ಅನನ್ಯ ಪಿ.ಯು. ಓದ್ತಾವ್ಳೆ. ಕಾಲೇಜಿಗೆ ಹೋಗ್ತಿಲ್ಲ. ಊಟ ಮಾಡಲ್ಲ, ಯಾರ ಹತ್ರಾನೂ ಮಾತಾಡಲ್ಲ. ಅವಳ ಒಳ್ಳೇ ಬಟ್ಟೆ, ವಾಚು ಎಲ್ಲಾ ನಮ್ ಚಿಕ್ಕಪ್ಪನ ಮಗಳಿಗೆ ಕೊಟ್ಬಿಟ್ಟವ್ಳೆ. ಅಮ್ಮ ಹೇಳುತ್ತೆ, ಏನೂ ಕೇಳ್ಬೇಡ, ಕೇಳಿದ್ರೆ ಇಲ್ದೇ ಇರೋದು ತಲೇಗೆ ಬರುತ್ತೆ ಅಂತ. ಕೇಳ್ಬೋದಾ ಮೇಡಂ?"

ಅನುಪಮಾ ನನ್ನ ಮುಖ ನೋಡಿದಳು. ನನಗೆ ಗೊತ್ತಿದ್ದದ್ದು ಇಷ್ಟೇ: ಇವಳಿಗೆ ಹೇಳಿದರೆ ಸಂಜೆಯೊಳಗೆ ಹಾಸ್ಟೆಲಿಗೆಲ್ಲ ಹಬ್ಬುತ್ತದೆ, ಉಪವಾಸದ ಗುಂಪು ಕೆಡುತ್ತದೆ, ಇವಳ ಎಂ.ಎಸ್ಸಿ. ಇನ್ನೊಂದು ವರ್ಷ ಹಿಂದೆ ಬೀಳುತ್ತದೆ. ಡ್ರೈವರ್ ಗೇರ್ ಹಾಕಿದ. "ಗುರುವಾರ ಬರ್ತಾರೆ ಹೋಗಮ್ಮ," ಅಂತ ನಾನೇ ಅಂದೆ. ಬಸ್ಸು ಹೊರಟಿತು.

ಕೆರೆ ಏರಿಯ ಹತ್ತಿರ ಬಂದಾಗ ಅವಳು ಕೇಳಿದಳು.

"ಒಂದು ವಾರ ಬಿಡ್ಬೇಕು ಅಂತ ಬರ್ದಿದ್ದು ಯಾರು?"

"ನೀನೇ ಕಣೇ. ನಿನ್ನ ಪ್ರಬಂಧ ತಾನೇ."

"ಹೂಂ. ನಾನು ಬರ್ದಿದ್ದು. ಆ ಮಗು ಅದನ್ನ ಓದಿಲ್ವಲ್ಲ. ನನ್ನ ಗುರುವಾರದ ತನಕ ಕಾಯ್ಬೇಕು ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

"ಅನು, ಎರಡು ವರ್ಷ ಒದ್ದಾಡಿದೀಯ. ಸುಮ್ನೆ ಕೂತ್ಕೋ."

"ವಾಚು ಕೊಟ್ಬಿಟ್ಟವಳೆ ಅಂದ್ಲಲ್ಲೇ. ಇನ್ನು ಬದುಕೋದೇ ಬೇಡ ಅನ್ನೋರು ತಾನೇ ಹಂಗೆ ಕೊಡೋದು," ಅಂದವಳೇ ಎದ್ದು ನಿಂತಳು. "ಕಂಡಕ್ಟ್ರೇ, ಸ್ಟಾಪ್ ಕೊಡಿ."

ಕಂಡಕ್ಟರು ಇಲ್ಲೆಲ್ಲ ಸ್ಟಾಪಿಲ್ಲ ಅಂತ ಬೈದ. ಸ್ಟ್ಯಾಂಡಲ್ಲೇ ಇಳಿಯೋಕೇನಾಗಿತ್ತು ಅಂದ. ಟ್ರಾಲಿಗೆ ಒರಗಿ ನಿದ್ದೆ ಮಾಡುವ ಹೆಂಗಸು, ಒಂದು ದಿನವೂ ಯಾರಿಗೂ ಎದುರು ಮಾತಾಡದವಳು, "ನಿಲ್ಸಿ ಅಂದ್ರೆ ನಿಲ್ಸಿ!" ಅಂತ ಕೂಗಿದಳು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿಲ್ಲಿಸಿದ. ನನಗೂ ಇಳಿಯದೆ ವಿಧಿಯಿರಲಿಲ್ಲ. ಆ ಬಿಸಿಲಲ್ಲಿ ಪೇಪರಿನ ಕಟ್ಟು ಕಂಕುಳಲ್ಲಿಟ್ಟುಕೊಂಡು, ಕಿತ್ತುಹೋದ ಚಪ್ಪಲಿ ಎಳೆದುಕೊಂಡು, ಅವಳನ್ನೂ ಅವಳ ಗಂಡನ ಮನೆಯವರನ್ನೂ ಸೇರಿಸಿ ಬೈಯುತ್ತಾ ನಡೆದೆ. ಅವಳಿಗೆ ಒಂದೂ ಕೇಳಿಸಲಿಲ್ಲ.

ಪೂಜಾ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಹಾಗೇ ಕೂತಿದ್ದಳು. ಹಾಸ್ಟೆಲಿಗೆ ಹೋಗಬೇಕೋ ಊರಿಗೆ ಹೋಗಬೇಕೋ ತಿಳಿಯದೆ ಕೂತ ಹಾಗಿತ್ತು. ಅನುಪಮಾ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ತಪ್ಪು ಕಣಮ್ಮ. ಆ ಪ್ರಶ್ನೆಗೆ ಉತ್ತರ ತಪ್ಪು. ನೀನು ಕೇಳ್ಬೇಕು. ಇವತ್ತೇ ಊರಿಗೆ ಹೋಗು. ಬೈಬೇಡ, ಬುದ್ಧಿ ಹೇಳ್ಬೇಡ. ಪಕ್ಕದಲ್ಲಿ ಕೂತ್ಕೊಂಡು, ನಿಂಗೆ ಸಾಯ್ಬೇಕು ಅನ್ನಿಸ್ತಿದೆಯಾ ಅಂತ ಇದೇ ಮಾತಲ್ಲಿ ಕೇಳು. ಹೂಂ ಅಂದ್ರೆ ಹೆದರ್ಕೋಬೇಡ, ಒಬ್ಬಳನ್ನೇ ಬಿಡ್ಬೇಡ, ತಡ ಮಾಡ್ದೆ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಬಾ. ನಾನಿರ್ತೀನಿ." ಫೋನ್ ನಂಬರು ಹೇಳಿದಳು. ಅಮ್ಮನಿಗೆ ಏನು ಹೇಳಬೇಕು ಅಂತಲೂ ಹೇಳಿಕೊಟ್ಟಳು. ಹುಡುಗಿ ಅಳುತ್ತಾ ಹುಲಿಯೂರುದುರ್ಗದ ಬಸ್ಸು ಹತ್ತಿದಳು. ನಾವು ಮತ್ತೆ ತುಮಕೂರಿನ ಬಸ್ಸಿಗೆ ಕಾದೆವು. ಈ ಸಲ ಸೀಟು ಸಿಗಲಿಲ್ಲ. ಹೆಬ್ಬೂರಿನ ತನಕ ನಿಂತೇ ಬಂದೆವು.

ಫೋನ್ ಬರಲಿಲ್ಲ. ಶುಕ್ರವಾರ ಬರಲಿಲ್ಲ, ಶನಿವಾರವೂ ಬರಲಿಲ್ಲ. ನಂಬರು ಕೊಟ್ಟವಳು ಅವಳ ನಂಬರು ತಗೊಂಡಿರಲಿಲ್ಲ. ಅದಕ್ಕೂ ನಾನು ಬೈದೆ. ಸೋಮವಾರದಿಂದ ಅವಳು ಮೇಜಿನ ಮೇಲೆ ತಲೆ ಇಡುವುದನ್ನೂ ಬಿಟ್ಟಳು, ಸುಮ್ಮನೆ ಗೋಡೆ ನೋಡುತ್ತಾ ಕೂರುತ್ತಿದ್ದಳು. ಕುಣಿಗಲ್ಲಿನ ಕಾಲೇಜಿಗೆ ಫೋನ್ ಮಾಡು ಅಂದರೆ, ಏನು ಕೇಳಬೇಕಾಗುತ್ತದೋ ಅಂತ ಭಯ ಅಂದಳು. ನನಗೂ ಒಳಗೊಳಗೇ ಅದೇ ಭಯವಿತ್ತು.

ಗುರುವಾರ ಮತ್ತೆ ಕುಣಿಗಲ್ಲು. ಮುಂದಿನ ಬೆಂಚು ಖಾಲಿ. ಅನುಪಮಾ ಪೇಪರಿನ ಕಟ್ಟನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ನಾನೇ ಹಂಚಿದೆ. ಪರೀಕ್ಷೆ ಶುರುವಾಗುವ ಮುಂಚೆ ಪಕ್ಕದ ಬೆಂಚಿನ ಹುಡುಗಿ ಎದ್ದು ಬಂದಳು.

"ಮೇಡಂ, ಪೂಜಾ ಇವತ್ತು ಬರಕ್ಕಾಗಲ್ಲ ಅಂತ ಅವರಮ್ಮನ ಫೋನಿಂದ ಹೇಳಿದ್ಲು. ತುಮಕೂರಲ್ಲಿ ಆಸ್ಪತ್ರೇಲಿ ಅವ್ಳೆ, ತಂಗಿ ಜೊತೆ. ಅವಳ ಫೋನು ಬಿದ್ದು ಒಡ್ದೋಗೈತೆ, ನಿಮ್ ನಂಬರು ಅದ್ರಲ್ಲೇ ಹೋಯ್ತಂತೆ. ನೀವು ಹೇಳ್ದಂಗೆ ಅವತ್ತೇ ಕೇಳಿದ್ಲಂತೆ ಮೇಡಂ."

"ಏನಂದ್ಲಂತೆ ತಂಗಿ?"

"ಹೂಂ ಅಂದ್ಲಂತೆ. ಭಾನುವಾರ ಅಂತ ಮನಸ್ಸಲ್ಲಿ ಇಟ್ಕೊಂಡಿದ್ಲಂತೆ."

ಅನುಪಮಾ ಕರಿಹಲಗೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟಳು. ಬೆನ್ನು ಮಾತ್ರ ಅಲ್ಲಾಡುತ್ತಿತ್ತು. ನಾನು ಹುಡುಗಿಯರಿಗೆ, "ಬರೀರಿ, ಬರೀರಿ, ಟೈಮ್ ಆಗ್ತಿದೆ," ಅಂತ ಗದರಿದೆ. ನನಗೂ ಅಳು ಬಂದಿತ್ತು, ಗದರದಿದ್ದರೆ ಕಷ್ಟವಿತ್ತು.

ಪೇಪರು ನೋಡಿದರೆ, ನಾನು ಹೆದರಿದಂತೆಯೇ ಆಗಿತ್ತು. ಪೂಜಾ ಅವತ್ತು ಬಸ್ಸು ಹತ್ತಿದವಳೇ ಫೋನಿನಲ್ಲಿ ಗೆಳತಿಯರಿಗೆ ಹೇಳಿದ್ದಳು, ಅವರು ಹಾಸ್ಟೆಲಿಗೆಲ್ಲ ಹೇಳಿದ್ದರು, ಹಾಸ್ಟೆಲಿನವರು ಮೊಬೈಲಿನಲ್ಲಿ ಉಳಿದದ್ದನ್ನೆಲ್ಲ ಹುಡುಕಿ ಓದಿಕೊಂಡಿದ್ದರು. ಉಪವಾಸದ ಗುಂಪು ಹೊಟ್ಟೆ ತುಂಬ ಉಂಡು ಕೂತಿತ್ತು. ಹಿಂದಿನ ದಿನ ಗುಬ್ಬಿಯಲ್ಲಿ ಎರಡನೇ ಸಲ ಬರೆಸಿದ ಪೇಪರಿಗೂ ಕುಣಿಗಲ್ಲಿನದಕ್ಕೂ ವ್ಯತ್ಯಾಸವೇ ಇರಲಿಲ್ಲ.

ಮೋಹನ್‌ಕುಮಾರ್ ಸರ್ ಕೆಟ್ಟವರಲ್ಲ. ಎಲ್ಲ ಕೇಳಿ, "ಒಳ್ಳೇ ಕೆಲ್ಸ ಮಾಡಿದೀರಮ್ಮ. ಆದ್ರೆ ಇದನ್ನ ಹೀಗೇ ಕೊಟ್ರೆ ಒಪ್ಪಲ್ಲ," ಅಂದರು. ಆಮೇಲೆ ಬಾಗಿಲ ಕಡೆ ನೋಡಿ, "ನೀವು ಹೇಳಿದ್ದನ್ನ ಬರೀಬೇಡಿ. ಮಕ್ಕಳು ತಾವಾಗೇ ಓದ್ಕೊಂಡ್ರು ಅಂತ ಬರೀರಿ, ಹೆಂಗೋ ಒಂದು ದಾರಿ ಮಾಡೋಣ," ಅಂದರು.

"ತಾವಾಗೇ ಕಲೀಲಿಲ್ವಲ್ಲ ಸರ್. ಹಂಗೆ ಬರೆದ್ರೆ, ಪಾಠ ಬೇಕಾಗೇ ಇಲ್ಲ ಅಂತಾಗುತ್ತೆ," ಅಂದಳು ಅನುಪಮಾ.

"ಹಂಗಾದ್ರೆ ಬೇರೆ ಕಾಲೇಜು ಹಿಡಿದು ಮತ್ತೆ ಮಾಡ್ಬೇಕು. ಒಂದು ವರ್ಷ ಹೋಗುತ್ತೆ."

"ಹೋಗುತ್ತೆ ಸರ್."

ಹೋಯಿತು. ಆ ವರ್ಷ ಖಾಲಿಯಾದ ಹುದ್ದೆ ಬೇರೆಯವರಿಗಾಯಿತು. ಅವಳು ಟ್ಯೂಟರಾಗಿಯೇ ಉಳಿದಳು. ಕೃಷ್ಣಕುಮಾರ್ ಎದ್ದು ನಿಂತು ಅವಳ ರಜೆ ಚೀಟಿಗೆ ಸಹಿ ಹಾಕುತ್ತಲೇ ಇದ್ದಾನೆ. ಅತ್ತೆಗೆ ಈಗ ಬೆನ್ನಿನಲ್ಲಿ ಹುಣ್ಣಾಗಿದೆ. ಅನನ್ಯ ತಿಂಗಳಿಗೊಮ್ಮೆ ಅಕ್ಕನ ಜೊತೆ ತುಮಕೂರಿಗೆ ಬಂದು ಡಾಕ್ಟರನ್ನು ಕಾಣುತ್ತಾಳೆ. ಪೂರ್ತಿ ಹುಷಾರಾಗಿಲ್ಲ, ಕೆಲವು ದಿನ ಚೆನ್ನಾಗಿರುತ್ತಾಳೆ, ಕೆಲವು ದಿನ ಇಲ್ಲ. ಒಂದು ಸಲ ನಮ್ಮ ಸ್ಟಾಫ್ ರೂಮಿಗೂ ಬಂದಿದ್ದಳು. ಕೈಯಲ್ಲಿ ವಾಚಿತ್ತು. ಅನುಪಮಾ ಅವಳ ಮುಖಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದಳು.

ಮೊನ್ನೆ ಹೊಸ ಉಪವಾಸದ ಗುಂಪಿನ ಹತ್ತಿರ ಹೋಗಿದ್ದೆವು, ತುಮಕೂರಿನಲ್ಲೇ ಇನ್ನೊಂದು ಕಾಲೇಜು. ಅದೇ ಪೇಪರು, ಅದೇ ಕಟ್ಟು, ಅದೇ ನಾನು. ಈ ಸಲ ಪೇಪರಿನಲ್ಲಿ ಒಂದು ಪ್ರಶ್ನೆ ಕಡಿಮೆಯಿತ್ತು. ಸರ್ ಹತ್ತಿರ ಜಗಳವಾಡಿ, ಗುಬ್ಬಿಯ ಲೆಕ್ಕದಿಂದಲೂ ಅದನ್ನು ತೆಗೆಸಿಹಾಕಿದ್ದಳು. ಅವಳು ಜಗಳವಾಡಿದ್ದು ಅದು ಎರಡನೇ ಸಲ. ನಾನು ಹಂಚಲು ಹೊರಟರೆ ತಡೆದಳು. ಸೀಮೆಸುಣ್ಣ ತೆಗೆದುಕೊಂಡು, ಆಯಾಸದಿಂದ ಕಪ್ಪಿಟ್ಟ ಕಣ್ಣನ್ನೊಮ್ಮೆ ಉಜ್ಜಿಕೊಂಡು, ಹಲಗೆಯ ಮೇಲೆ ದೊಡ್ಡದಾಗಿ ಬರೆದಳು: 'ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಕೇಳಿ.'

ಹಿಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. "ಮೇಡಂ, ಇದು ಟೆಸ್ಟಲ್ಲಿ ಬರುತ್ತಾ?"

"ಬರಲ್ಲ," ಅಂದಳು ಅನುಪಮಾ. "ಬರ್ಕೊಳಿ."