ಟೈಲರಮ್ಮನ ಎಡಗಾಲು

ಗಂಡ ಸತ್ತ ಇಪ್ಪತ್ತಮೂರನೇ ದಿನ ಅವಳು ಮತ್ತೆ ಕೆಲಸಕ್ಕೆ ಬಂದಳು. ಮನೆಯಲ್ಲಿ ಕೂತರೆ ಗೋಡೆ ನೋಡಬೇಕು. ಇಲ್ಲಿ ಜನರ ಬೆನ್ನು ನೋಡಿದರೆ ಆಯಿತು.

ಅದು ಹೆಂಗಸರಿಗೆ ಮೈ ನೀವುವ ಜಾಗ. ಔಷಧಿ ಅಂಗಡಿಯ ಹಿಂದೆ ಎರಡು ಕೋಣೆ, ಕೋಣೆಗೊಂದು ಎತ್ತರದ ಮಂಚ. ಹತ್ತೊಂಬತ್ತು ವರ್ಷದಿಂದ ಅವಳು ಅಲ್ಲೇ ಇದ್ದಾಳೆ. ಗಿರಾಕಿಗಳು ಅವಳನ್ನು ಬಿಸಿಗೈಯಮ್ಮ ಎನ್ನುತ್ತಾರೆ. ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಯೇ ಮುಟ್ಟುತ್ತಾಳೆ. ನೀವುವ ಭಾಗ ಬಿಟ್ಟು ಉಳಿದ ಮೈಗೆಲ್ಲ ಹೊದಿಕೆ. ಬೆನ್ನುಮೂಳೆಯ ಮೇಲೆ ಒತ್ತುವುದಿಲ್ಲ, ಅದರ ಅಕ್ಕಪಕ್ಕ ಮಾತ್ರ. ಎಲ್ಲಕ್ಕಿಂತ ಮೊದಲು ಕೇಳುತ್ತಾಳೆ. ಜ್ವರ ಇದೆಯಾ? ಆಪರೇಷನ್ ಆಗಿದೆಯಾ? ಯಾವ ಮಾತ್ರೆ ತಗೋತೀರಿ? ನೋವು ಎಲ್ಲಿ, ಯಾವಾಗಿನಿಂದ? ಕೇಳದೆ ಯಾರ ಮೈಮೇಲೂ ಕೈ ಇಟ್ಟವಳಲ್ಲ.

ಒಬ್ಬನನ್ನು ಬಿಟ್ಟು. ಗಂಡ ಎಡ ಭುಜ ಹಿಡಿದಿದೆ ಅಂದ. ಲಾರಿಗೆ ಮೂಟೆ ಏರಿಸುವವನು, ಭುಜ ಹಿಡಿಯದೆ ಇನ್ನೇನು ಅಂದುಕೊಂಡಳು. ದಿನವೆಲ್ಲ ಊರವರನ್ನು ಕೇಳಿ ಕೇಳಿ ಬಾಯಿ ಸೋತಿತ್ತು. ಮನೆಯವನನ್ನು ಏನು ಕೇಳುವುದು? ಎರಡು ಸಂಜೆ ನೀವಿದಳು. "ಹಾಯಾಯ್ತು ಕಣೆ" ಅಂದ. ಮೂರನೇ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಅಲ್ಲೇ ಬಿದ್ದ. ಹೃದಯ ಅಂದರು ಡಾಕ್ಟರು. ಬೆವರು ಬರುತ್ತಿತ್ತಾ, ನೋವು ಕೈಗೆ ಇಳಿಯುತ್ತಿತ್ತಾ ಎಂದು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ.

ಕೆಲಸಕ್ಕೆ ಮರಳಿದ ದಿನವೇ ಮಧ್ಯಾಹ್ನ ಟೈಲರಮ್ಮ ಬಂದರು. ಹಳೇ ಗಿರಾಕಿ. ಬೇರೆಯವರ ಕೈಗೆ ಮೈ ಕೊಡುವವರಲ್ಲ.

"ಬಂದ್ಯೇನೇ ತಾಯಿ? ವಿಷಯ ಕೇಳ್ದೆ. ಏನ್ ಹೇಳ್ಲಿ, ಹೇಳೋಕೆ ಬರಲ್ಲ ನಂಗೆ" ಅನ್ನುತ್ತಲೇ ಮಂಚ ಹತ್ತಿ ಬೋರಲು ಮಲಗಿದರು. "ಎಡಗಾಲು ಹಿಂಡ್ತಿದೆ. ಸ್ಕೂಲ್ ಯೂನಿಫಾರಂ ಹೊಲಿಗೆ, ಹತ್ತು ದಿನದಿಂದ ಮಿಷನ್ ಬಿಟ್ಟು ಎದ್ದಿಲ್ಲ. ಚೆನ್ನಾಗಿ ಒತ್ತು, ಮೂಳೆ ಮುರಿದ್ರೂ ಬೈಯಲ್ಲ."

ಕೇಳಬೇಕು ಅನಿಸಿತು. ಬಾಯಿ ಏಳಲಿಲ್ಲ. ಹಳೇ ಮೈ, ಗೊತ್ತಿರುವ ಮೈ. ಎಣ್ಣೆ ಉಜ್ಜಿಕೊಂಡು ಹೊದಿಕೆ ಸರಿಸಿದಳು.

ಎಡ ಮೀನಖಂಡ ಬಲದ್ದಕ್ಕಿಂತ ದಪ್ಪಗಿತ್ತು. ಚರ್ಮ ಕೆಂಪಗೆ, ಬಿಗಿದುಕೊಂಡು ಹೊಳೆಯುತ್ತಿತ್ತು. ಕೈಯ ಹಿಂಭಾಗವನ್ನು ಹತ್ತಿರ ಹಿಡಿದರೆ ಕಾವು ಹೊಡೆಯಿತು. ಕೈ ಹಿಂದಕ್ಕೆಳೆದುಕೊಂಡಳು.

"ಯಾವಾಗಿಂದ ಹೀಗಿದೆ?"

"ಮೊನ್ನೆಯಿಂದ. ಯಾಕೆ?"

"ಒಂದೇ ಕಾಲು ಬಾತಿದೆ. ಬಿಸಿ ಇದೆ. ಇದನ್ನ ನೀವಬಾರ್ದು. ಡಾಕ್ಟರ ಹತ್ರ ಹೋಗಿ, ಈಗ್ಲೇ."

"ಡಾಕ್ಟರ ಬಾಗಿಲು ಕಾಯೋಕೆ ಯಾರಿಗಿದೆ ಪುರುಸೊತ್ತು? ಇನ್ನೂ ಎಂಬತ್ತು ಲಂಗ ಬಿದ್ದಿದೆ. ಒತ್ತು ಅಂದ್ರೆ ಒತ್ತು."

"ಒತ್ತಲ್ಲ."

"ನೀನು ಕೆಲಸಕ್ಕೆ ಬಂದಿದ್ಯೋ, ಇದ್ದ ಗಿರಾಕೀನ ಓಡ್ಸೋಕೆ ಬಂದಿದ್ಯೋ?"

ಗಲಾಟೆ ಕೇಳಿ ಮಾಲಕಿ ಪರದೆ ಸರಿಸಿದಳು. ಕಾಲು ನೋಡಿದಳು, ಇವಳನ್ನು ಬಾಗಿಲ ಹತ್ತಿರಕ್ಕೆ ಎಳೆದಳು.

"ನಿನ್ನ ಸಂಕಟ ನಂಗೆ ಗೊತ್ತು ತಂಗಿ. ಆದ್ರೆ ಕಂಡಕಂಡವರ ಮೈಯಲ್ಲೆಲ್ಲ ಸಾವೇ ಕಾಣ್ತಿದ್ರೆ ಹೇಗೆ? ಮೆಲ್ಲಗೆ ಸವರಿ ಕಳ್ಸು."

ಇರಬಹುದು ಅನಿಸಿತು ಅವಳಿಗೆ. ನಿದ್ದೆಯಿಲ್ಲದ ಕಣ್ಣು, ಇಲ್ಲದ್ದನ್ನೂ ಕಾಣಬಹುದು. ಸವರಿಬಿಟ್ಟರೆ ಮಾತು ಮುಗಿಯುತ್ತದೆ. ಜಗಳಕ್ಕೆ ಮೈಯಲ್ಲಿ ಕಸುವೂ ಇರಲಿಲ್ಲ. ಆದರೂ ಟವೆಲ್ ತೆಗೆದು ಕೈಯ ಎಣ್ಣೆ ಒರೆಸಿಕೊಂಡಳು.

"ಒಳಗೆ ರಕ್ತ ಹೆಪ್ಪುಗಟ್ಟಿದ್ರೆ ಸವರಿದ್ರೂ ಕಿತ್ಕೊಂಡು ಮೇಲಕ್ಕೆ ಹೋಗ್ಬಹುದು ಅಕ್ಕ. ಎದೆಗೆ. ಇರಲಿಕ್ಕಿಲ್ಲ. ಇದ್ರೆ?"

"ಹಾಗಾದ್ರೆ ಬೇರೆಯವಳನ್ನ ಕರೀತೀನಿ."

"ಕರೀರಿ. ನಾನು ಮಂಚಕ್ಕೆ ಅಡ್ಡ ನಿಂತಿರ್ತೀನಿ."

ಎದೆ ಅನ್ನುವ ಮಾತು ಟೈಲರಮ್ಮನ ಕಿವಿಗೆ ಬಿದ್ದಿತ್ತು. ಮಂಚದ ಕಡೆಯಿಂದ ದನಿ ಬಂತು, ಮೊದಲಿನ ಜೋರು ಇರಲಿಲ್ಲ.

"ನಡ್ಕೊಂಡು ಹೋಗ್ಬಹುದಾ?"

"ಬೇಡ. ಗಾಡಿ ತರಿಸ್ತೀನಿ. ನಾನೂ ಬರ್ತೀನಿ."

ದಾರಿಯುದ್ದಕ್ಕೂ ಟೈಲರಮ್ಮ ಬೈದರು. ಗಾಡಿಯವನನ್ನು, ರಸ್ತೆಯನ್ನು, ಇವಳನ್ನು. ಆಸ್ಪತ್ರೆಯಲ್ಲಿ ಕಾಲಿನ ಮೇಲೆ ಯಂತ್ರ ಆಡಿಸಿ ನೋಡಿದರು. ತೊಡೆಯವರೆಗೂ ರಕ್ತ ಹೆಪ್ಪುಗಟ್ಟಿದೆ, ಈಗಲೇ ಅಡ್ಮಿಟ್ ಆಗಬೇಕು ಅಂದರು.

"ಯಾರಾದ್ರೂ ಒತ್ತಿದ್ರಾ ಇದನ್ನ?" ಡಾಕ್ಟರು ಕೇಳಿದರು.

"ಇಲ್ಲ" ಅಂದಳು.

ಟೈಲರಮ್ಮನ ಮಗಳು ಓಡಿ ಬಂದಳು. ಟೈಲರಮ್ಮ ಇವಳ ಕಡೆ ಗದ್ದ ಎತ್ತಿ ತೋರಿಸಿದರು. "ಇವಳೇ ಕಣೆ. ಮೊಂಡಿ. ಎಷ್ಟು ಬೈದ್ರೂ ಕೈ ಹಾಕ್ಲಿಲ್ಲ." ಅಷ್ಟು ಹೇಳಿ ಅತ್ತುಬಿಟ್ಟರು. ಮಗಳು ಇವಳ ಎರಡೂ ಕೈ ಹಿಡಿದುಕೊಂಡಳು. ಇವಳು ಬಿಡಿಸಿಕೊಂಡು ಹೊರಗೆ ಬಂದಳು.

ಹಗುರಾಗಬೇಕಿತ್ತು. ಆಗಲಿಲ್ಲ. ಗಂಡನಿಗೂ ಇಷ್ಟೇ ಸಾಕಿತ್ತಲ್ಲ ಅನಿಸಿತು. ಒಂದು ಮಾತು ಕೇಳುವುದು, ಒಂದು ಗಾಡಿ ಕರೆಯುವುದು. ಬೆಂಚಿನ ಮೇಲೆ ಕೂತು ಮಾಲಕಿಗೆ ಫೋನ್ ಮಾಡಿ ವಿಷಯ ಹೇಳಿದಳು.

"ನಾಲ್ಕು ಗಂಟೆಯವರು ಕಾಯ್ತಿದ್ದಾರಾ ಅಕ್ಕ?"

"ನಾಳೆ ಬನ್ನಿ ಅಂತೀನಿ. ನೀನು ಮನೆಗೆ ಹೋಗು."

"ಮನೆಗೆ ಬೇಡ" ಅಂದಳು. "ಅಲ್ಲಿಗೇ ಬರ್ತೀನಿ. ಸ್ವಲ್ಪ ಕೂತಿದ್ದು ಬರ್ತೀನಿ."